ಪಕ್ಕದ ಖಾಲಿ ಸೈಟು ಸ್ವಚ್ಛ ಮಾಡಿಸಿದ್ದು ಹೀಗೆ: ಅರ್ಜಿ, ನೋಟಿಸು, ಎಸಿ ಕೋರ್ಟು

ಆಷಾಢದಲ್ಲಿ ಕೊಟ್ಟ ಅರ್ಜಿಗೆ ಸಂಕ್ರಾಂತಿ ಕಳೆದ ಮೇಲೆ ಜೆಸಿಬಿ ಬಂತು. ನಡುವೆ ಏನೇನು ಆಯಿತು, ಯಾವ ಕಾಗದ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ನಿಮ್ಮ ಮನೆ ಪಕ್ಕದಲ್ಲೂ ಯಾರದ್ದೋ ಖಾಲಿ ಸೈಟು ಕಾಡಾಗಿ ನಿಂತಿದ್ದರೆ ಇದು ನಿಮಗೆ. ನಮ್ಮದು ನಗರಸಭೆ ಇರುವ ಊರು, ಹಾಗಾಗಿ ನಮಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಮಹಾನಗರ ಪಾಲಿಕೆಯಾದರೆ 1976ರ ಕಾಯ್ದೆ, ಹಳ್ಳಿಯಾದರೆ 1993ರ ಪಂಚಾಯತ್ ರಾಜ್ ಕಾಯ್ದೆ ಮತ್ತು ನಿಮ್ಮ ಪಿಡಿಒ. ಬೆಂಗಳೂರಿಗೆ ಬೇರೆಯೇ ಕಾಯ್ದೆ ಇದೆ. ದಾರಿ ಮಾತ್ರ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ.

ಸೈಟು ಮೂವತ್ತು ನಲವತ್ತರದ್ದು. ಯಾರೋ ಮನೆ ಕಟ್ಟಲು ಹೊರಟು, ನೀರಿನ ಸಂಪು ಕಟ್ಟಲು ಅಂತ ರಸ್ತೆ ಪಕ್ಕದಲ್ಲೇ ಗುಂಡಿ ತೋಡಿಸಿ, ಆಮೇಲೆ ಅದೇನಾಯಿತೋ ಹಾಗೇ ಬಿಟ್ಟು ಹೋಗಿದ್ದರು. ಕಾಂಗ್ರೆಸ್ ಗಿಡ ಎದೆಯೆತ್ತರ. ಅದರ ಮೇಲೆ ಲಂಟಾನ, ಮೂಲೆಯಲ್ಲಿ ಬಳ್ಳಾರಿ ಜಾಲಿ. ಸುತ್ತಮುತ್ತ ಮನೆ ಒಡೆದು ಕಟ್ಟಿದವರೆಲ್ಲ ಇಟ್ಟಿಗೆ ಚೂರು, ಒಡೆದ ಟೈಲ್ಸು, ಹಳೆ ಕಮೋಡು ತಂದು ಸುರಿದರು. ಒಂದು ಸಲ ಕಸ ಬಿದ್ದ ಜಾಗ ಅಂತ ಗೊತ್ತಾದರೆ ಸಾಕು, ಬೈಕಲ್ಲಿ ಹೋಗೋರು ನಿಲ್ಲಿಸದೆಯೇ ಕವರು ಎಸೆದು ಹೋಗುತ್ತಾರೆ. ಮಳೆ ಬಂದಾಗ ಅದೆಲ್ಲ ಹರಿದು ಚರಂಡಿ ಕಟ್ಟಿಕೊಂಡು ರಸ್ತೆಗೆ ಬರುತ್ತಿತ್ತು. ಗುಂಡಿಯಲ್ಲಿ ಸೊಂಟದಷ್ಟು ನೀರು. ಬೀದಿಯಲ್ಲಿ ಇಬ್ಬರು ಮಕ್ಕಳಿಗೆ ಡೆಂಗಿ ಆಯಿತು. ನಮ್ಮ ಕಾಂಪೌಂಡಿನ ಬುಡದಲ್ಲಿ ಕೊಳಕುಮಂಡಲ ಕಾಣಿಸಿಕೊಂಡ ದಿನ ನನ್ನ ಹೆಂಡತಿ, ಇದಕ್ಕೊಂದು ದಾರಿ ಮಾಡದೆ ನಾನು ಹಿತ್ತಲಿಗೆ ಕಾಲಿಡಲ್ಲ ಅಂದಳು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಳಿಗ್ಗೆ ಬರುವ ಪೌರಕಾರ್ಮಿಕರ ಮೇಸ್ತ್ರಿಗೆ ಹೇಳಿದೆ. "ಅದು ಖಾಸಗಿ ಜಾಗ ಸಾರ್, ನಾವು ಕೈ ಹಾಕಂಗಿಲ್ಲ" ಅಂದರು. ವಾರ್ಡಿನ ಸದಸ್ಯರಿಗೆ ಫೋನು ಮಾಡಿದೆ. "ಆಯ್ತು ಬಿಡಿ, ಹೇಳ್ತೀನಿ" ಅಂದರು. ನಗರಸಭೆ ಆರೋಗ್ಯ ವಿಭಾಗಕ್ಕೆ ಹೋಗಿ ಬಾಯಲ್ಲೇ ದೂರಿದೆ. ಎಲ್ಲರೂ ಮರ್ಯಾದೆಯಾಗಿಯೇ ಮಾತಾಡಿದರು, ಯಾರೂ ಏನೂ ಮಾಡಲಿಲ್ಲ. ಅವರದ್ದೂ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಕಡತ ಇಲ್ಲದೆ ಕಚೇರಿಯಲ್ಲಿ ಯಾವುದೂ ಅಲುಗಾಡುವುದಿಲ್ಲ, ಕಡತ ಶುರುವಾಗಬೇಕಾದರೆ ಕಾಗದ ಬೇಕು, ಕಾಗದದ ಮೇಲೆ ಇನ್‌ವರ್ಡ್ ನಂಬರು ಬೇಕು. ಇಷ್ಟು ಗೊತ್ತಾದ ಮೇಲೆ ನನ್ನ ಕೆಲಸ ಸರಿಯಾಗಿ ಶುರುವಾಯಿತು.

ಅರ್ಜಿ ಪೌರಾಯುಕ್ತರ ಹೆಸರಿಗೆ ಬರೆಯಿರಿ. ಪ್ರತಿಯನ್ನು ಹಿರಿಯ ಆರೋಗ್ಯ ನಿರೀಕ್ಷಕರಿಗೂ ಪರಿಸರ ಎಂಜಿನಿಯರಿಗೂ ಕೊಡಿ. ಒಂದೇ ಪುಟ ಸಾಕು. ಜಾಗ ಎಲ್ಲಿದೆ, ಏನು ತೊಂದರೆ, ಏನು ಮಾಡಬೇಕು ಅಷ್ಟೇ. ದಿನಾಂಕ ಬರುವ ಹಾಗೆ ತೆಗೆದ ಫೋಟೋ ಜೊತೆಗಿರಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಇಟ್ಟು ಹೋಗಬೇಡಿ. ನನಗೂ ಹಾಗೇ ಅಂದರು. ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಊಟ ಮುಗಿಯಿತು, ಸೀಲು ಬಿತ್ತು.

ಆಮೇಲೆ ಸುಮಾರು ದಿನ ಸದ್ದಿಲ್ಲ. ಹೋಗಿ ಕೇಳಿದರೆ ಕೇಸ್ ವರ್ಕರ್ ಹೇಳಿದ್ದು ಇಷ್ಟು: "ಮಾಲೀಕರು ಯಾರು ಅಂತಾನೇ ಗೊತ್ತಿಲ್ಲವಲ್ಲ ಸಾರ್, ನೋಟಿಸ್ ಯಾರಿಗೆ ಕೊಡೋಣ?" ನಗು ಬಂತು, ಸಿಟ್ಟೂ ಬಂತು. ಅದೇ ಕಟ್ಟಡದ ಕಂದಾಯ ವಿಭಾಗದಲ್ಲಿ ಆ ಸೈಟಿನ ತೆರಿಗೆ ಪುಸ್ತಕ ಇದೆ. ಆದರೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಆ ಪ್ರಶ್ನೆ ತಾನಾಗಿ ಹೋಗಲ್ಲ, ನಾವೇ ಹೊತ್ತುಕೊಂಡು ಹೋಗಬೇಕು.

ಇಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ನನ್ನದೇ ಮನೆಯ ಕ್ರಯಪತ್ರ. ಅದರ ಕೊನೆಯಲ್ಲಿ ಚಕ್ಕುಬಂದಿ ಇರುತ್ತದಲ್ಲ, ಪೂರ್ವಕ್ಕೆ ಇಂಥ ನಂಬರಿನ ಸೈಟು, ಪಶ್ಚಿಮಕ್ಕೆ ರಸ್ತೆ ಅಂತ. ಪಕ್ಕದ ಸೈಟಿನ ನಂಬರು ಅಲ್ಲೇ ಇತ್ತು. ಅದನ್ನು ಹಿಡಿದು ನಮ್ಮ ಕಡೆಯ ಬಿಲ್ ಕಲೆಕ್ಟರನ್ನು ಕೇಳಿದೆ. ಅವರು ಬಹಳ ಒಳ್ಳೆಯವರು, ರಿಜಿಸ್ಟರು ತೆಗೆದು ಬೆರಳಿಟ್ಟು ತೋರಿಸಿದರು. ಹೆಸರಿತ್ತು, ತೆರಿಗೆ ಮಾತ್ರ ವರ್ಷಗಟ್ಟಲೆ ಬಾಕಿ. ನಗರಸಭೆ ಆ ಹೆಸರಿಗೆ ನೋಟಿಸು ಕಳಿಸಿತು. ಅದು 'ವಿಳಾಸದಾರರು ಈ ವಿಳಾಸದಲ್ಲಿಲ್ಲ' ಅಂತ ಷರಾ ಹೊತ್ತು ವಾಪಸು ಬಂತು.

ಮತ್ತೆ ನಾನೇ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ, ಅಂದರೆ ಆಸ್ತಿಯ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪ್ರಮಾಣಪತ್ರ, ತೆಗೆಸಿದೆ. ಅದನ್ನು ತೆಗೆಸಲು ಮಾಲೀಕರೇ ಆಗಬೇಕಿಲ್ಲ, ಯಾರು ಬೇಕಾದರೂ ಅರ್ಜಿ ಹಾಕಬಹುದು. ಸೈಟ್ ನಂಬರು, ಚಕ್ಕುಬಂದಿ ಸರಿಯಾಗಿ ತುಂಬಬೇಕು. ವಹಿವಾಟು ಏನಾದರೂ ಆಗಿದ್ದರೆ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಹಾಗಾಗಿ ಹಿಂದಿನ ವರ್ಷಗಳನ್ನೂ ಸೇರಿಸಿಯೇ ಕೇಳಿ. ಸುಮ್ನೆ ಈಚಿನ ಎರಡು ವರ್ಷಕ್ಕೆ ಕೇಳಿದರೆ 16 ಬಂದು ಮುಖ ಸಪ್ಪೆಯಾಗುತ್ತದೆ. ನನಗೆ 15 ಬಂತು. ತೆರಿಗೆ ಪುಸ್ತಕದಲ್ಲಿ ಹೆಸರಿದ್ದವರು ಎಂದೋ ಮಾರಿಯಾಗಿತ್ತು. ಕೊಂಡವರು ಖಾತೆ ಬದಲಾವಣೆಯನ್ನೇ ಮಾಡಿಸಿರಲಿಲ್ಲ. ಹೊಸ ಹೆಸರು, ಬೇರೆ ಊರು. ಇಸಿ ಪ್ರತಿ ಲಗತ್ತಿಸಿ, ಮೊದಲ ಅರ್ಜಿಯ ಇನ್‌ವರ್ಡ್ ನಂಬರನ್ನು 'ಉಲ್ಲೇಖ' ಅಂತ ಮೇಲೆ ಬರೆದು ಎರಡನೇ ಅರ್ಜಿ ಕೊಟ್ಟೆ. ಈ ಉಲ್ಲೇಖದ ಸಾಲನ್ನು ಯಾವತ್ತೂ ಬಿಡಬೇಡಿ. ಅದಿಲ್ಲದಿದ್ದರೆ ಪ್ರತಿ ಕಾಗದವೂ ಹೊಸ ಕಡತವಾಗಿ, ಹಳೆಯದು ಎಲ್ಲಿದೆ ಅಂತ ಹುಡುಕುವುದೇ ನಿಮ್ಮ ಕೆಲಸ ಆಗುತ್ತದೆ.

ಮಾಲೀಕರಿಗೆ ನಾನೂ ಒಂದು ಪತ್ರ ಹಾಕಿದೆ, ಬಹಳ ವಿನಯವಾಗಿ. ರಿಜಿಸ್ಟರ್ಡ್ ಪೋಸ್ಟ್ ಮಾಡೋಣ ಅಂತ ಹೋದರೆ, 2025ರ ಸೆಪ್ಟೆಂಬರ್‌ನಿಂದ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದ್ದಾರೆ. ಸ್ಪೀಡ್ ಪೋಸ್ಟಲ್ಲೇ ಕಳಿಸಿದೆ. ರಸೀದಿ, ತಲುಪಿದ ವಿವರದ ಪ್ರಿಂಟು ಎರಡನ್ನೂ ಇಟ್ಟುಕೊಂಡೆ. ಪತ್ರ ತಲುಪಿದ ಸಂಜೆಯೇ ಫೋನು ಬಂತು.

"ಏನ್ರೀ, ನನ್ನ ಸೈಟಲ್ಲಿ ಹುಲ್ಲು ಬೆಳೆದರೆ ನಿಮಗೇನು ಕಷ್ಟ? ಇಸಿ ತೆಗೆಸೋಕೆ ನೀವ್ಯಾರು?"

"ಹುಲ್ಲಲ್ಲ ಸಾರ್, ಹಾವು. ಆಮೇಲೆ ಗುಂಡಿ. ಮಕ್ಕಳು ಆಡೋ ಜಾಗ. ಒಂದ್ಸಲ ಬಂದು ನೋಡಿ ಹೋಗಿ, ನಮ್ಮನೇಲೇ ಕಾಫಿ ಕುಡಿಯುವಿರಂತೆ."

"ಕೋರ್ಟಲ್ಲಿ ಕೇಸಿದೆ ರೀ. ಅಣ್ಣ ತಮ್ಮಂದಿರ ಭಾಗದ ಗಲಾಟೆ. ತಡೆಯಾಜ್ಞೆ ಇದೆ. ನಾನು ಒಂದು ಕಡ್ಡಿ ಮುಟ್ಟೋ ಹಾಗಿಲ್ಲ."

ಫೋನು ಇಟ್ಟ ಮೇಲೆ ನನಗೆ ಕೈಕಾಲು ಬಿದ್ದುಹೋದ ಹಾಗಾಯಿತು. ಕೋರ್ಟು ಅಂದ ಮೇಲೆ ಮುಗೀತಲ್ಲ ಅನ್ನಿಸಿತು. ನಗರಸಭೆಯವರಿಗೂ ಅದೇ ನೆಪ ಸಿಕ್ಕಿತು. ಕಡತದ ಮೇಲೆ 'ನ್ಯಾಯಾಲಯದಲ್ಲಿ ದಾವೆ ಇರುವುದರಿಂದ' ಅಂತ ಬರೆದು ನನಗೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಟ್ಟರು. ಹಿಂಬರಹ ಕೊಟ್ಟರೆ ಬೇಜಾರಾಗಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಅರ್ಜಿಗೆ ಅವರು ಏನೂ ಮಾಡಲಿಲ್ಲ ಅನ್ನುವುದಕ್ಕೆ ಅವರದೇ ಸಹಿ ಇರುವ ಸಾಕ್ಷಿ ಅದು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ವಕೀಲರಿದ್ದಾರೆ. ಅವರು ಕೇಳಿದ್ದು ಒಂದೇ ಮಾತು: "ತಡೆಯಾಜ್ಞೆ ಪ್ರತಿ ನೋಡಿದ್ರಾ?" ಯಾರೂ ನೋಡಿರಲಿಲ್ಲ. ಆರೋಗ್ಯ ನಿರೀಕ್ಷಕರು ಮಾಲೀಕರಿಂದ ಬರವಣಿಗೆಯಲ್ಲಿ ಕೇಳಿದಾಗ ಕೊನೆಗೆ ಪ್ರತಿ ಬಂತು. ಅದರಲ್ಲಿದ್ದದ್ದು ಸ್ವತ್ತನ್ನು ಪರಭಾರೆ ಮಾಡಬಾರದು ಅಂತ. ಅಂದರೆ ಮಾರಬೇಡಿ, ಬೇರೆಯವರಿಗೆ ಬರೆದುಕೊಡಬೇಡಿ ಅಷ್ಟೇ. ಕಸ ತೆಗೆಯಬೇಡಿ, ಗುಂಡಿಗೆ ಬೇಲಿ ಹಾಕಬೇಡಿ ಅಂತ ಎಲ್ಲೂ ಇರಲಿಲ್ಲ.

ಈ ನಡುವೆ ಇನ್ನೊಂದು ಬಾಗಿಲು ತೆರೆದಿದ್ದು ಸೊಳ್ಳೆಯಿಂದ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಮರಿ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಗರದಲ್ಲಿ ಮನೆಗೆ 400 ರೂಪಾಯಿ, ಖಾಲಿ ನಿವೇಶನ, ಅರ್ಧಕ್ಕೆ ಬಿಟ್ಟ ಕಟ್ಟಡ ಇಂಥದ್ದಕ್ಕೆ 2,000. ಹಳ್ಳಿಯಲ್ಲಿ ಇದರ ಅರ್ಧ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿ ನೀರಲ್ಲಿ ಅಲ್ಲ, ನಿಂತ ತಿಳಿನೀರಲ್ಲಿ ಮೊಟ್ಟೆ ಇಡುತ್ತದೆ, ಕಚ್ಚುವುದೂ ಹಗಲು ಹೊತ್ತು. ನಮ್ಮ ಗುಂಡಿ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆಶಾ ಕಾರ್ಯಕರ್ತೆ ಮನೆಮನೆ ಲಾರ್ವಾ ನೋಡಲು ಬಂದಾಗ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಒಂದು ಲೋಟ ನೀರು ಎತ್ತಿ ಬೆಳಕಿಗೆ ಹಿಡಿದರು. ದಾರದ ಚೂರಿನಂಥ ಹುಳಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಲೋಟ ತುಸು ಅಲುಗಿದರೆ ಎಲ್ಲ ಒಟ್ಟಿಗೆ ತಳಕ್ಕೆ ಓಡುತ್ತಿದ್ದವು. "ಅಯ್ಯೋ ಅಣ್ಣಾ, ಇದು ಬೀದಿಗೆಲ್ಲ ಸಾಕು" ಅಂದರು. ಅವರು ಕೊಟ್ಟ ವರದಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗಿ, ಅಲ್ಲಿಂದ ನಗರಸಭೆಗೆ ಪತ್ರ ಬಂತು. ನಾನು ಬರೆದರೆ ಅರ್ಜಿ, ಇಲಾಖೆ ಬರೆದರೆ ಪತ್ರ. ಎರಡಕ್ಕೂ ಸಿಗುವ ಮರ್ಯಾದೆ ಬೇರೆ. ದಂಡದ ನೋಟಿಸು ಸೈಟಿನ ಕಂಬಕ್ಕೆ ಅಂಟಿತು.

ದಂಡವೇನೋ ಬಿತ್ತು, ಗುಂಡಿ ಹಾಗೇ ಇತ್ತು.

ಆಗ ವಕೀಲರು ಎಸಿ ಸಾಹೇಬರ ಹತ್ತಿರ ಹೋಗಿ ಅಂದರು. ಎಸಿ ಅಂದರೆ ಉಪವಿಭಾಗಾಧಿಕಾರಿಗಳು, ಅವರು ಉಪವಿಭಾಗೀಯ ದಂಡಾಧಿಕಾರಿಗಳೂ ಹೌದು. ಸಾರ್ವಜನಿಕ ಉಪದ್ರವ ತೆಗೆಸಲು ಅವರು ಷರತ್ತುಬದ್ಧ ಆದೇಶ ಕೊಡಬಹುದು. ಮೊದಲು ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 133ನೇ ಕಲಮು ಇತ್ತಲ್ಲ, 2024ರ ಜುಲೈ 1ರಿಂದ ಅದೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152. ಇಷ್ಟು ದಿನದೊಳಗೆ ತೆಗೆಯಿರಿ, ಇಲ್ಲವಾದರೆ ಇಂಥ ದಿನ ಬಂದು ಯಾಕೆ ಆಗಲ್ಲ ಅಂತ ಹೇಳಿ, ಇದು ಆದೇಶದ ಧಾಟಿ. ಎದುರಿನವರು ಹಾಜರಾಗಿ ತಕರಾರು ಮಾಡಿದರೆ ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಕಾರಣ ಬರೆದು 120ರವರೆಗೆ ಎಳೆಯಬಹುದು ಅಂತ ಹೊಸ ಕಾನೂನಿನಲ್ಲೇ ಇದೆ. ಹಳೆಯದರಲ್ಲಿ ಆ ಗಡುವು ಇರಲಿಲ್ಲ.

ಒಂದು ಮುಖ್ಯ ವಿಷಯ. ನಿಮ್ಮೊಬ್ಬರ ಮನೆಗೆ ಮಾತ್ರ ತೊಂದರೆ ಅಂದರೆ ಇದು ನಡೆಯಲ್ಲ, ಅದಕ್ಕೆ ಸಿವಿಲ್ ಕೋರ್ಟು. ಸಾರ್ವಜನಿಕರಿಗೆ ತೊಂದರೆ ಅಂತ ತೋರಿಸಬೇಕು. ರಸ್ತೆಗೆ ಹರಿಯುವ ಕಸ, ಕಟ್ಟಿಕೊಂಡ ಚರಂಡಿ, ಡೆಂಗಿ ವರದಿ ಇದ್ದವು. ಆದರೆ ವಕೀಲರು, "ಗುಂಡಿಯನ್ನೇ ಮೊದಲ ಸಾಲಿನಲ್ಲಿ ಬರೀರಿ" ಅಂದರು. ಸಾರ್ವಜನಿಕ ಜಾಗದ ಪಕ್ಕದ ಕೆರೆ, ಬಾವಿ, ಅಗೆದ ಗುಂಡಿಗೆ ಬೇಲಿ ಹಾಕಿಸಬಹುದು ಅಂತ ಆ ಕಲಮಿನಲ್ಲೇ ನೇರವಾಗಿ ಇದೆ. ಗಿಡಗಂಟಿ ಬಗ್ಗೆ ವಾದ ಮಾಡಬಹುದು, ರಸ್ತೆಬದಿಯ ಗುಂಡಿ ಬಗ್ಗೆ ಯಾರು ಏನು ವಾದ ಮಾಡುತ್ತಾರೆ?

ಜಂಟಿ ಅರ್ಜಿಗೆ ಸಹಿ ಹಾಕಿಸುವುದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಆಯಿತು. ಹಾವು ಬಂದಾಗ ಕೂಗಿಕೊಂಡವರೇ "ಕೋರ್ಟು ಕಚೇರಿ ನಮಗ್ಯಾಕೆ, ನೀವೇ ನೋಡಿಕೊಳ್ಳಿ" ಅಂದರು. ಒಬ್ಬರು ಬಾಗಿಲು ತೆಗೆಯಲೇ ಇಲ್ಲ, ಒಳಗೆ ಟಿವಿ ಓಡುತ್ತಿತ್ತು. ಎದುರು ಮನೆ ಅಜ್ಜಿ ಮಾತ್ರ ಓದಿ ನೋಡದೆ ಸಹಿ ಹಾಕಿ, "ಇನ್ನೊಂದು ಕಾಗದ ಇದ್ರೂ ಕೊಡಪ್ಪಾ" ಅಂದರು. ಅವರ ಮೊಮ್ಮಗನಿಗೇ ಡೆಂಗಿ ಆಗಿದ್ದು. ಅವರ ಸಹಿ ನೋಡಿದ ಮೇಲೆ ಉಳಿದವರು ಹಾಕಿದರು. ಯಾರ ಸಹಿ ಮೊದಲು ಬೀಳಬೇಕು ಅಂತ ಸ್ವಲ್ಪ ಯೋಚಿಸಿ ಹೊರಡಿ.

ಅರ್ಜಿಯಲ್ಲಿ ಮಾಲೀಕರ ಜೊತೆ ನಗರಸಭೆಯನ್ನೂ ಪ್ರತಿವಾದಿ ಮಾಡಿದೆವು. ನಗರಸಭೆ ಮೇಲೆ ಸಿಟ್ಟಿಗಲ್ಲ. 1980ರಲ್ಲಿ ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ 133ರ ಅಡಿ ತೀರ್ಪು ಕೊಟ್ಟು, ದುಡ್ಡಿಲ್ಲ ಅಂತ ಪುರಸಭೆ ತನ್ನ ಕೆಲಸದಿಂದ ನುಣುಚಿಕೊಳ್ಳುವ ಹಾಗಿಲ್ಲ ಅಂದಿದೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಅದು. ವಕೀಲರು ಅದರ ಪ್ರತಿಯನ್ನು ಲಗತ್ತಿಸಿದರು. ಜೊತೆಗೆ ನಾನು ನಗರಸಭೆಗೆ ಒಂದು ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆ: ನನ್ನ ಇಂಥ ಇನ್‌ವರ್ಡ್ ನಂಬರಿನ ಅರ್ಜಿ ಮೇಲೆ ಏನು ಕ್ರಮ ಆಯಿತು, ಕಡತದ ಟಿಪ್ಪಣಿ ಪುಟಗಳ ಪ್ರತಿ ಕೊಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಪ್ರತಿಗೆ ಪುಟಕ್ಕೆ 2 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ಇಡೀ ಪ್ರಯಾಣದಲ್ಲಿ ನಾನು ಮಾಡಿದ ಅತಿ ಅಗ್ಗದ ಖರ್ಚು ಇದೇ, ಅತಿ ಜಾಸ್ತಿ ಕೆಲಸ ಮಾಡಿದ್ದೂ ಇದೇ. ಅರ್ಜಿ ತಲುಪಿದ ವಾರದಲ್ಲೇ ಸ್ಥಳ ತನಿಖೆಗೆ ಜನ ಬಂದರು.

ತನಿಖೆಯಲ್ಲಿ ಯಾರೂ ಎಣಿಸದ ಒಂದು ತಮಾಷೆ ಆಯಿತು. ನಮ್ಮ ಜೊತೆ ಸಹಿ ಹಾಕಿದ ಹಿಂದಿನ ಮನೆಯವರ ಬಟ್ಟೆ ಒಗೆಯುವ ನೀರಿನ ಪೈಪು ಆ ಸೈಟಿಗೇ ಬಿಟ್ಟಿತ್ತು. ನಿರೀಕ್ಷಕರು ಅವರಿಗೂ ಒಂದು ನೋಟಿಸು ಕೊಟ್ಟು ಹೋದರು. ಅವರು ನನ್ನ ಜೊತೆ ಈಗಲೂ ಅಷ್ಟಕ್ಕಷ್ಟೇ. ದೂರು ಕೊಡುವ ಮುಂಚೆ ಸಹಿ ಹಾಕುವವರ ಮನೆಗಳ ಸುತ್ತ ಒಂದು ಸಲ ಕಣ್ಣಾಡಿಸಿ. ಚರಂಡಿ ಮೇಲೆ ಎಳೆದ ಮೆಟ್ಟಿಲು, ರಸ್ತೆಗೆ ಚಾಚಿದ ಜಲ್ಲಿ ರಾಶಿ, ಪೈಪು ಇದ್ದರೆ ಮೊದಲೇ ಸರಿ ಮಾಡಿಕೊಳ್ಳಲಿ.

ಎಸಿ ಕೋರ್ಟಿನಲ್ಲಿ ಕಾಯುವುದೇ ಜಾಸ್ತಿ. ಹನ್ನೊಂದಕ್ಕೆ ಅಂದರೆ ಹನ್ನೊಂದಲ್ಲ. ಸಾಹೇಬರಿಗೆ ಅಂದು ಡಿಸಿ ಕಚೇರಿ ಸಭೆ ಇದ್ದರೆ ಮುಂದಿನ ದಿನಾಂಕ. ಜಮೀನು ತಕರಾರಿನವರೇ ತುಂಬಿರುತ್ತಾರೆ, ಕಸದ ಕೇಸು ಅಂದರೆ ಅಲ್ಲಿ ಕೂತವರು ನಗುತ್ತಾರೆ. ನಮ್ಮದು ಬಂದಾಗ ಐದು ನಿಮಿಷವೂ ಹಿಡಿಯಲಿಲ್ಲ. ಸಾಹೇಬರು ಫೋಟೋಗಳನ್ನು ಒಂದೊಂದಾಗಿ ತಿರುಗಿಸಿ, ಗುಂಡಿಯ ಫೋಟೋ ಹತ್ತಿರ ನಿಂತು, "ಇದಕ್ಕೆ ತಡೆಯಾಜ್ಞೆ ಇದೆಯಾ?" ಅಂತ ಮಾಲೀಕರ ವಕೀಲರನ್ನು ಕೇಳಿದರು. ಅವರು ಸುಮ್ಮನಾದರು. ಆದೇಶ ಆಯಿತು: ಮಾಲೀಕರು ಗುಂಡಿ ಮುಚ್ಚಿ ಬೇಲಿ ಹಾಕಬೇಕು, ಕಸ ತೆಗೆಸಬೇಕು, ಮಾಡದಿದ್ದರೆ ನಗರಸಭೆ ಮಾಡಿ ಖರ್ಚು ವಸೂಲಿ ಮಾಡಬೇಕು. ಇಂಥ ಆದೇಶವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಅನ್ನುವುದನ್ನೂ ನೆನಪಿಡಿ. ಮಾಲೀಕರು ಹೆದರಿಸಲು ನೋಡಬಹುದು.

ಮಾಲೀಕರು ಆಳು ಕಳಿಸಿದರು. ಆತ ಬಂದವನೇ ಒಣ ಗಿಡಕ್ಕೆ ಬೆಂಕಿ ಹಚ್ಚಲು ಹೊರಟ. ನಿಲ್ಲಿಸಿದೆವು. ಕಸ ಸುಡುವುದು ನಿಯಮದಲ್ಲಿ ನಿಷಿದ್ಧ, ಅದಕ್ಕಿಂತ ಹೆಚ್ಚಾಗಿ ಒಳಗಿದ್ದ ಹಾವೆಲ್ಲ ನಮ್ಮ ಮನೆಗಳ ಕಡೆಗೇ ಬರುತ್ತವೆ. ಆತ ವಾಪಸು ಹೋದ, ಮತ್ತೆ ಬರಲಿಲ್ಲ. ಗಡುವು ಮುಗಿಯಿತು. ನಗರಸಭೆಯೇ ಜೆಸಿಬಿ ಕಳಿಸಿತು.

ಅಲ್ಲೂ ಒಂದು ಕೊಕ್ಕೆ. ಸೈಟಿನ ಹಿಂಭಾಗದಲ್ಲಿ ಒಂದು ದೊಡ್ಡ ಅತ್ತಿ ಮರ ಇದೆ. ಜೆಸಿಬಿಯವನು ಅದನ್ನೂ ಬೀಳಿಸಿ ಕೈ ತೊಳೆದುಕೊಳ್ಳೋಣ ಅಂತಿದ್ದ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವ ಹಾಗಿಲ್ಲ. ಜಾಗ ಯಾರದ್ದೇ ಆಗಿರಲಿ. ಬಳ್ಳಾರಿ ಜಾಲಿ, ಸುಬಾಬುಲ್, ನೀಲಗಿರಿ ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ನಮಗೂ ಆ ಮರ ಬೇಕಿತ್ತು, ಬೇಸಿಗೆಯಲ್ಲಿ ನೆರಳು ನಮ್ಮ ಹಿತ್ತಲಿಗೇ ಬೀಳುತ್ತದೆ. ಜಾಲಿ ಹೋಯಿತು, ಅತ್ತಿ ಉಳಿಯಿತು. ನೀವು ಆದೇಶದಲ್ಲಿ 'ಗಿಡಮರ ತೆರವು' ಅಂತ ಬರೆಸಬೇಡಿ, 'ಗಿಡಗಂಟಿ, ಕಸ, ಕಟ್ಟಡ ತ್ಯಾಜ್ಯ' ಅಂತ ಬಿಡಿಸಿ ಬರೆಸಿ. ಜೆಸಿಬಿ ಬರುವ ದಿನ ಹಾವು ಹಿಡಿಯುವವರಿಗೆ ಮೊದಲೇ ಹೇಳಿರಿ. ನಮ್ಮಲ್ಲಿ ಸಿಕ್ಕಿದ್ದು ಎರಡು ಕೆರೆಹಾವು. ಆ ಕೊಳಕುಮಂಡಲ ಎಲ್ಲಿ ಹೋಯಿತೋ.

ಖರ್ಚಿನ ಮಾತು. ನನ್ನ ಕೈಯಿಂದ ಹೋಗಿದ್ದು ಜೆರಾಕ್ಸು, ಫೋಟೋ ಪ್ರಿಂಟು, ಅಂಚೆ, ಇಸಿ ಶುಲ್ಕ, ಪೆಟ್ರೋಲು. ವಕೀಲರು ಬೀದಿಯವರು ಅಂತ ಫೀಸು ತೆಗೆದುಕೊಳ್ಳಲಿಲ್ಲ, ನಿಮಗೆ ಅದು ಸೇರುತ್ತದೆ. ವಕೀಲರಿಲ್ಲದೆಯೂ ಈ ಅರ್ಜಿ ಕೊಡಬಹುದು. ದೊಡ್ಡ ಖರ್ಚು ರಜೆ. ಖಾಸಗಿ ಕೆಲಸದಲ್ಲಿದ್ದರೆ ಮನೆಯಲ್ಲಿ ನಿವೃತ್ತರಾದವರು ಯಾರಾದರೂ ಇದ್ದರೆ ಅವರ ಹೆಸರಲ್ಲೇ ಅರ್ಜಿ ಹಾಕಿಸಿ, ವಾಸಿ.

ಜೆಸಿಬಿ ಮತ್ತು ಟ್ರ್ಯಾಕ್ಟರಿನ ಬಿಲ್ಲು ಆ ಸೈಟಿನ ತೆರಿಗೆ ಬಾಕಿಗೆ ಸೇರಿದೆ. ಮಾಲೀಕರು ಮೊನ್ನೆ ಮತ್ತೆ ಫೋನು ಮಾಡಿದ್ದರು, ಈ ಸಲ 'ಏನ್ರೀ' ಇರಲಿಲ್ಲ, 'ನಮಸ್ಕಾರ ಸಾರ್' ಇತ್ತು. ಅಣ್ಣ ತಮ್ಮಂದಿರು ರಾಜಿ ಮಾಡಿಕೊಂಡು ಸೈಟು ಮಾರುತ್ತಾರಂತೆ. ಮಾರಬೇಕಾದರೆ ಇ-ಖಾತಾ ಬೇಕು, ಇ-ಖಾತಾಗೆ ಹೋದರೆ ಬಾಕಿ ಕಟ್ಟಿ ಬನ್ನಿ ಅಂತಿದ್ದಾರೆ. "ನಗರಸಭೆಯಲ್ಲಿ ನಿಮಗೆ ಎಲ್ಲರೂ ಗೊತ್ತಂತಲ್ಲ, ಸ್ವಲ್ಪ ಕಡಿಮೆ ಮಾಡಿಸ್ತೀರಾ?" ಅಂತ ಕೇಳಿದರು. ಬಿಲ್ ಕಲೆಕ್ಟರ್ ಯಾವ ಮೇಜಿನಲ್ಲಿ ಕೂರುತ್ತಾರೆ ಅಂತ ಹೇಳಿಕೊಟ್ಟೆ. ಅರ್ಜಿ ಕೊಟ್ಟ ಮೇಲೆ ಸೀಲು ಹಾಕಿಸಿಕೊಳ್ಳಿ ಅಂತಲೂ ಹೇಳಿದೆ.